ತೆರೆಯ ಮೇಲಿನ ರಣರಂಗ

ಯುದ್ಧದ ಕಥೆ ಕೇಳುವುದಕ್ಕೆ ರಮ್ಯ ಎಂಬುದು ಹಳೆಯ ಮಾತು. ನೋಡುವುದಕ್ಕೂ ಅದು ರಮ್ಯವೇ ಎಂಬುದನ್ನು ಚಲನಚಿತ್ರ ತೋರಿಸಿಕೊಟ್ಟಿದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ರಾಜಾಜಿನಗರದಲ್ಲಿ ಡಾ. ರಾಜ್‌ಕುಮಾರ್ ರಸ್ತೆ ಹಾದುಹೋಗುತ್ತದೆ. ಆ ರಸ್ತೆಯ ಒಂದು ವೃತ್ತಕ್ಕೆ ನವರಂಗ್ ಚಿತ್ರಮಂದಿರದ ಹೆಸರೇ ನಿಂತುಬಿಟ್ಟಿದೆ. ಅಲ್ಲಿಂದ ಅನತಿ ದೂರದಲ್ಲಿ, ಯಶವಂತಪುರದ ಕಡೆಗೆ, 1966ರಲ್ಲಿ ಸ್ಥಾಪನೆಗೊಂಡ ಶ್ರೀ ಕಂಠೀರವ ಸ್ಟುಡಿಯೋ ಇದೆ. 2006ರ ಏಪ್ರಿಲ್‌ನಲ್ಲಿ ನಿಧನರಾದ ರಾಜ್‌ಕುಮಾರ್ ಅವರ ಸಮಾಧಿ ಇರುವುದು ಅದರ ಆವರಣದಲ್ಲಿಯೇ. ಕಂಠೀರವನೆಂಬ ಅರಸನ ಪಾತ್ರವನ್ನು 1960ರಲ್ಲಿ ತೆರೆಯ ಮೇಲೆ ಧರಿಸಿದ ನಟ ಅದೇ ಹೆಸರಿನ ನೆಲದಲ್ಲಿ ವಿಶ್ರಮಿಸಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ.

ಆ ಚಿತ್ರ ಹುಟ್ಟಿದ ಸನ್ನಿವೇಶವನ್ನು ತಿಳಿಯುವುದು ಅವಶ್ಯಕ. 1950ರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ವರ್ಷಕ್ಕೆ ಹೊರಬರುತ್ತಿದ್ದವು ಬೆರಳೆಣಿಕೆಯಷ್ಟು ಮಾತ್ರ. ಕೆಲಸವಿಲ್ಲದೆ ಕಲಾವಿದರು ಕಂಗೆಡುವಂತಾದಾಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಎಂಬ ನಾಲ್ವರು ‘ಕನ್ನಡ ಚಲನಚಿತ್ರ ಕಲಾವಿದರ ಸಂಘ’ವನ್ನು ಕಟ್ಟಿದರು; ಊರೂರು ಸುತ್ತಿ ನಾಟಕಗಳನ್ನು ಆಡಿದರು. ಬಳಿಕ ಚಿತ್ರನಿರ್ಮಾಣಕ್ಕೂ ಕೈಹಾಕಿದರು. ನಾಲ್ಕಾರು ಪಾತ್ರಗಳ ಸಾಂಸಾರಿಕ ಕಥೆಯೊಂದನ್ನು ಆರಿಸಿಕೊಂಡಿದ್ದರೆ ಖರ್ಚು ಹಗುರವಾಗುತ್ತಿತ್ತು. ಅವರು ಆರಿಸಿಕೊಂಡದ್ದು ಅರಮನೆ, ಪರಿವಾರ, ಖಡ್ಗಯುದ್ಧಗಳಿಂದ ಕೂಡಿದ ‘ರಣಧೀರ ಕಂಠೀರವ’ವನ್ನು. ಎನ್. ಸಿ. ರಾಜನ್ ಅದನ್ನು ನಿರ್ದೇಶಿಸಿದರು; ಜಿ. ಕೆ. ವೆಂಕಟೇಶ್ ಸಂಗೀತ ನೀಡಿದರು. ಜನ ಅದನ್ನು ಮೆಚ್ಚಿಕೊಂಡರು. ನಾಡಿನ ಚರಿತ್ರೆಯನ್ನು ತೆರೆಗೆ ತರಬಹುದೆಂಬ ಧೈರ್ಯ ಕನ್ನಡಿಗರಿಗೆ ಬಂದಿತು.

ಕಂಠೀರವ ನರಸರಾಜ ಒಡೆಯರು ಮೈಸೂರನ್ನು ಆಳಿದ್ದು 1638ರಿಂದ 1659ರವರೆಗೆ. ಅವರಿಗೆ ಮೊದಲು ಪಟ್ಟದಲ್ಲಿದ್ದ ಅರಸರನ್ನು ದಳವಾಯಿ ವಿಕ್ರಮರಾಯನು ವಿಷವಿಕ್ಕಿ ಕೊಲ್ಲಿಸಿದನೆಂದು ಇತಿಹಾಸ ಹೇಳುತ್ತದೆ. ಹೊಸ ಅರಸರು ಆ ದಳವಾಯಿಯನ್ನು ಮಟ್ಟಹಾಕಿದರು. ಬಿಜಾಪುರದ ಸೇನಾನಿ ರಣದುಲ್ಲಾಖಾನನು ಶ್ರೀರಂಗಪಟ್ಟಣಕ್ಕೆ ದಾಳಿಯಿಟ್ಟಾಗ ಹಿಮ್ಮೆಟ್ಟಿಸಿದರು. ಕಂಠೀರಾಯಿ ಹಣವೆಂಬ ಚಿನ್ನದ ನಾಣ್ಯವನ್ನು ಟಂಕಿಸಿದವರೂ ಅವರೇ. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಸೋಲಿಸಿದರೆಂಬ ಐತಿಹ್ಯವೂ ಉಂಟು. ಇಂಥ ಬದುಕು ನಾಟಕಕ್ಕಾಗಿ ಹೇಳಿ ಮಾಡಿಸಿದಂತಿದೆ. ಆದರೆ ಚರಿತ್ರೆಯ ಗ್ರಂಥದಲ್ಲಿ ಒಂದು ವಾಕ್ಯದಲ್ಲಿ ಮುಗಿಯುವ ಯುದ್ಧವನ್ನು ತೆರೆಯ ಮೇಲೆ ಕಣ್ಣಿಗೆ ಕಟ್ಟುವಂತೆ ಮಾಡುವುದು ಸುಲಭವಲ್ಲ.

ಕನ್ನಡಿಗರಿಗೆ ರಂಗದ ಮೇಲಿನ ಯುದ್ಧ ಹೊಸದೇನಲ್ಲ. ಯಕ್ಷಗಾನದಲ್ಲಿ ಇಬ್ಬರು ವೇಷಧಾರಿಗಳು ಚೆಂಡೆಯ ಪೆಟ್ಟಿಗೆ ಕುಣಿದರೆ ಅಕ್ಷೌಹಿಣಿಗಳೇ ಎದುರುಬದುರಾದಂತೆ ಪ್ರೇಕ್ಷಕರು ಭಾವಿಸುತ್ತಾರೆ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನೋಡುಗರನ್ನು ಬೆರಗುಗೊಳಿಸಿತ್ತು. ರಾಜ್‌ಕುಮಾರ್ ಅವರೂ ಅವರ ತಂದೆ ಪುಟ್ಟಸ್ವಾಮಯ್ಯನವರೂ ಆ ಕಂಪನಿಯಲ್ಲಿ ಪಳಗಿದವರು. ರಂಗದ ಮೇಲೆ ನಟನ ಮಾತೇ ಮುಕ್ಕಾಲು ಯುದ್ಧವನ್ನು ಕಟ್ಟುತ್ತದೆ; ಉಳಿದುದನ್ನು ಪ್ರೇಕ್ಷಕರ ಕಲ್ಪನೆ ತುಂಬುತ್ತದೆ. ಕ್ಯಾಮೆರಾದ ಮುಂದೆ ಆ ಸೌಕರ್ಯವಿಲ್ಲ. ಅದು ಇಲ್ಲದ್ದನ್ನು ಇಲ್ಲವೆಂದೇ ತೋರಿಸಿಬಿಡುತ್ತದೆ.

ಆದ್ದರಿಂದ ಇಲ್ಲದ್ದನ್ನು ಇದೆಯೆಂದು ತೋರುವಂತೆ ಮಾಡುವುದೇ ಯುದ್ಧಚಿತ್ರದ ಮೊದಲ ವಿದ್ಯೆ. ಸಾವಿರ ಯೋಧರು ಬೇಕಾದಲ್ಲಿ ನೂರು ಮಂದಿ ದೊರೆತರೆ ಅದೇ ಭಾಗ್ಯ. ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿದರೆ ಮುಂದಿನ ಸಾಲಿನವರು ಹಿಂದಿನ ಬಯಲನ್ನು ಮರೆಮಾಡುತ್ತಾರೆ. ಒಳ್ಳೆಯ ಕವಚ, ಶಿರಸ್ತ್ರಾಣಗಳು ಮುಂದಿನವರಿಗೆ. ಹಿಂದಿನವರಿಗೆ ಬಣ್ಣದ ಬಟ್ಟೆಯೇ ಸಾಕು. ಒಮ್ಮೆ ಹಾದುಹೋದ ತಂಡವೇ ಪೇಟ ಬದಲಾಯಿಸಿಕೊಂಡು ಮತ್ತೊಮ್ಮೆ ಹಾದುಹೋಗುತ್ತದೆ. ಧೂಳು ಮತ್ತು ಹೊಗೆ ಕೊರತೆಯನ್ನು ಮುಚ್ಚುತ್ತವೆ. ಒಂದು ಸೈನ್ಯ ಎಡದಿಂದ ಬಲಕ್ಕೆ ಸಾಗಿದರೆ ಇನ್ನೊಂದು ಬಲದಿಂದ ಎಡಕ್ಕೇ ಸಾಗಬೇಕು. ಈ ನಿಯಮ ತಪ್ಪಿದರೆ ಯಾರು ಯಾರ ಕಡೆಯವರೆಂದು ತಿಳಿಯದೆ ನೋಡುಗರು ತಬ್ಬಿಬ್ಬಾಗುತ್ತಾರೆ.

ಆಯುಧಗಳ ಕಥೆಯೂ ಇಂಥದೇ. ಗುಂಪಿನವರ ಕತ್ತಿಗಳು ಬೆಳ್ಳಿಬಣ್ಣ ಬಳಿದ ಮರದವು. ನಾಯಕ, ಪ್ರತಿನಾಯಕರ ಕೈಯಲ್ಲಿ ಮಾತ್ರ ಮೊಂಡಾದ ಲೋಹದ ಕತ್ತಿಗಳು. ದಪ್ಪ ನೂಲಿನಿಂದ ಹೆಣೆದ ಅಂಗಿಗೆ ಬಣ್ಣ ಹಚ್ಚಿದರೆ ಅದೇ ಉಕ್ಕಿನ ಜಾಲರಿಯ ಕವಚ. ಖಡ್ಗಯುದ್ಧ ರೋಷದಿಂದ ನಡೆದಂತೆ ಕಂಡರೂ ನಿಜಕ್ಕೂ ಅದು ಲೆಕ್ಕದ ಕೆಲಸ. ಎಷ್ಟನೆಯ ಎಣಿಕೆಗೆ ಹೊಡೆತ, ಎಷ್ಟನೆಯದಕ್ಕೆ ತಡೆ ಎಂಬುದನ್ನು ಭರತನಾಟ್ಯದ ಹೆಜ್ಜೆಗಳಂತೆ ಮೊದಲೇ ಗೊತ್ತುಮಾಡಿ ಅಭ್ಯಾಸ ಮಾಡಿರುತ್ತಾರೆ. ಎದುರಾಳಿಗೆ ತಾಗದಂತೆ ಹೊಡೆಯುವವನೇ ಇಲ್ಲಿ ಜಾಣ. ಚಿತ್ರ ತೆರೆಯ ಮೇಲೆ ಓಡುವುದು ಕ್ಷಣಕ್ಕೆ 24 ಚೌಕಟ್ಟುಗಳ ವೇಗದಲ್ಲಿ. ಅದಕ್ಕಿಂತ ಕಡಿಮೆ ವೇಗದಲ್ಲಿ ಚಿತ್ರಿಸಿಕೊಂಡರೆ, ನಿಧಾನವಾಗಿ ಬೀಸಿದ ಕತ್ತಿಯೂ ಮಿಂಚಿನಂತೆ ಬೀಸಿದ ಹಾಗೆ ಕಾಣುತ್ತದೆ. ಕತ್ತಿಗಳ ಖಣಖಣ ನಾದವನ್ನು ಆಮೇಲೆ ಧ್ವನಿಮುದ್ರಣ ಶಾಲೆಯಲ್ಲಿ ಸೇರಿಸುತ್ತಾರೆ.

ಒಂದು ದಿನದ ಯುದ್ಧವನ್ನು ಚಿತ್ರಿಸಲು ಹಲವು ದಿನಗಳು ಬೇಕು. ನಿನ್ನೆ ಎಡಗೆನ್ನೆಯ ಮೇಲಿದ್ದ ಗಾಯ ಇಂದು ಬಲಗೆನ್ನೆಗೆ ಸರಿಯಬಾರದು. ಬೆಳಗಿನ ನೆರಳು ಒಮ್ಮೆಲೇ ಸಂಜೆಯ ನೆರಳಾಗಬಾರದು. ಕಾಲಾಳುವಿನ ಮಣಿಕಟ್ಟಿನಲ್ಲಿ ಮರೆತು ಉಳಿದ ಒಂದು ಕೈಗಡಿಯಾರ, ದೂರದಲ್ಲಿ ಕಾಣುವ ಒಂದು ವಿದ್ಯುತ್ ಕಂಬ ಸಾಕು, ನೋಡುಗರನ್ನು ಹದಿನೇಳನೆಯ ಶತಮಾನದಿಂದ ಹೊರಕ್ಕೆಳೆದು ತರಲು. ಇದನ್ನೆಲ್ಲ ಕಾಯುವವರು ಪರದೆಯ ಹಿಂದಿನ ಸಹಾಯಕರು.

ಕೆಲವೊಮ್ಮೆ ಕಥೆಯೇ ದಾರಿ ತೋರುತ್ತದೆ. ಪುಟ್ಟಣ್ಣ ಕಣಗಾಲ್ ಅವರು 1972ರ ‘ನಾಗರಹಾವು’ ಚಿತ್ರದಲ್ಲಿ ಒನಕೆ ಓಬವ್ವನ ಪ್ರಸಂಗವನ್ನು ಒಂದು ಹಾಡಿನೊಳಗೆ ಅಡಗಿಸಿದರು. ಓಬವ್ವನಾಗಿ ಜಯಂತಿಯವರು ಅಭಿನಯಿಸಿದರು. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದದ್ದು ಒಬ್ಬೊಬ್ಬರಾಗಿ. ಹಾಗಾಗಿ ಸೇನೆಯನ್ನೆಲ್ಲ ತೋರಿಸುವ ಗೋಜಿಲ್ಲ. ಕಿಂಡಿಯಲ್ಲಿ ತೂರಿಬರುವ ಒಂದು ತಲೆ, ಮೇಲೆತ್ತಿದ ಒಂದು ಒನಕೆ, ಒಬ್ಬ ಹೆಣ್ಣುಮಗಳ ಮುಖ ಇಷ್ಟೇ ಸಾಕು. ರಣರಂಗದ ರೌದ್ರ ಜನಸಂಖ್ಯೆಯಲ್ಲಿಲ್ಲ, ಎದುರಿಸುವವರ ಮುಖದಲ್ಲಿದೆ ಎಂಬುದಕ್ಕೆ ಈ ದೃಶ್ಯ ಸಾಕ್ಷಿ.

ಕತ್ತಿ ಹುಸಿಯಾದರೂ ಬೆವರು ಹುಸಿಯಲ್ಲ. ಓಡುವ ಕುದುರೆಯಿಂದ ಬೀಳುವವನು ನಾಯಕನಲ್ಲ, ಅವನ ಉಡುಪು ತೊಟ್ಟ ಬದಲಿ ಸಾಹಸಿ. ಬಿಸಿಲಿನಲ್ಲಿ ಭಾರದ ವೇಷ ಹೊತ್ತು ನೂರು ಸಲ ಸಾಯುವವನು ದಿನಗೂಲಿಯ ಸಹಕಲಾವಿದ. ಕೆಲವೊಮ್ಮೆ ತೆರಬೇಕಾದ ಬೆಲೆ ಇನ್ನೂ ದೊಡ್ಡದು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಸುಮಾರು ಅರವತ್ತು ಮಂದಿ ಪ್ರಾಣ ಕಳೆದುಕೊಂಡರು. ನಾಯಕನ ಪಾತ್ರಧಾರಿಯೂ ನಿರ್ದೇಶಕರೂ ಆಗಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟಗಾಯಗಳಿಗೆ ಒಳಗಾಗಿ ಬಹುಕಾಲ ಚಿಕಿತ್ಸೆ ಪಡೆದರು. ಆತನ ಹೆಸರನ್ನು ಜನ ಬಲ್ಲರು. ಮಡಿದವರಲ್ಲಿ ಬಹುತೇಕರ ಹೆಸರು ಅವರ ಮನೆಯವರ ನೆನಪಿನಲ್ಲಷ್ಟೇ ಉಳಿಯಿತು. ರಣರಂಗವನ್ನು ಕಟ್ಟುವವರ ಮೊದಲ ಕರ್ತವ್ಯ ಅಲ್ಲಿ ದುಡಿಯುವವರ ಜೀವರಕ್ಷಣೆ ಎಂಬ ಪಾಠವನ್ನು ಆ ದುರಂತ ಕಲಿಸಿತು.

ಈಚಿನ ದಿನಗಳಲ್ಲಿ ಗಣಕಯಂತ್ರ ಹತ್ತು ಯೋಧರನ್ನು ಹತ್ತು ಸಾವಿರ ಮಾಡಬಲ್ಲದು. ಇಲ್ಲದ ಕೋಟೆಯನ್ನು ನಿಲ್ಲಿಸಬಲ್ಲದು. ಅಪಾಯ ಕೆಲಮಟ್ಟಿಗೆ ತಗ್ಗಿದೆ. ಹಿಂದಿನವರಿಗೆ ಈ ಅನುಕೂಲವಿರಲಿಲ್ಲ. ಕಿವಿ ಸರಿಯಾಗಿ ಕೇಳಿಸದಿದ್ದರೂ ಎದುರಿನವರ ತುಟಿಗಳ ಚಲನೆಯನ್ನು ಗಮನಿಸಿ ಮಾತಿಗೆ ಮಾತು ಕೊಡುತ್ತಿದ್ದ ಬಾಲಕೃಷ್ಣ ಅವರು, ಕನ್ನಡ ಚಿತ್ರಗಳಿಗೆ ಕನ್ನಡ ನೆಲದಲ್ಲೇ ನೆಲೆ ದೊರೆಯಲೆಂದು ಮುಂದೆ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಮದರಾಸಿನ ಬಾಡಿಗೆಯ ಅಂಗಳದಿಂದ ಬೆಂಗಳೂರಿನ ಸ್ವಂತ ಅಂಗಳಕ್ಕೆ ಕನ್ನಡ ಚಿತ್ರರಂಗ ನಡೆದು ಬಂದದ್ದು ಇಂಥವರ ಛಲದಿಂದ. ಅವರು ಗೆದ್ದ ನಿಜವಾದ ಯುದ್ಧ ಅದು.

ಚಾರಿತ್ರಿಕ ಚಿತ್ರವನ್ನು ನೋಡುವಾಗ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ತೆರೆಯ ಮೇಲಿನದೆಲ್ಲ ಚರಿತ್ರೆಯಲ್ಲ. ಶಾಸನ, ಗ್ರಂಥಗಳಲ್ಲಿ ಅದನ್ನು ಒರೆಹಚ್ಚಿ ನೋಡಬೇಕು. ಹಾಗೆಯೇ ತೆರೆಯ ಮೇಲಿನದೆಲ್ಲ ಮಾಯೆಯೂ ಅಲ್ಲ. ಹೊಗೆಯ ನಡುವೆ ಹಿಂದಿನ ಸಾಲಿನಲ್ಲಿ ಓಡುವ, ಹೆಸರು ತಿಳಿಯದ ಆ ಸೈನಿಕ ಒಬ್ಬ ನಿಜವಾದ ಮನುಷ್ಯ. ಅವನು ಮತ್ತೆ ಮತ್ತೆ ಬಿದ್ದು ಎದ್ದುದರಿಂದಲೇ ಅರಸನ ವಿಜಯ ನಮ್ಮ ಕಣ್ಣಿಗೆ ಕಂಡಿತು.