ಕರುಳಿನಲ್ಲಿ ಔಷಧದ ಹಾದಿ

ನುಂಗಿದ ಔಷಧವೆಲ್ಲವೂ ರಕ್ತವನ್ನು ಸೇರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಸ್ತುಸ್ಥಿತಿ ಹಾಗಿಲ್ಲ. ಔಷಧವು ಕರುಳಿನ ಗೋಡೆಯನ್ನು ದಾಟಬೇಕಾದರೆ ಮೊದಲು ಅಲ್ಲಿನ ದ್ರವದಲ್ಲಿ ಕರಗಬೇಕು. ಎಣ್ಣೆಯ ಸ್ವಭಾವವುಳ್ಳ ಔಷಧಗಳು ಸುಲಭವಾಗಿ ಕರಗವು; ಕರಗದೆ ಉಳಿದ ಭಾಗವು ಮಲದೊಡನೆ ವ್ಯರ್ಥವಾಗಿ ಹೋಗುತ್ತದೆ.

ಈ ತೊಡಕಿಗೆ ಪರಿಹಾರವನ್ನು ನಾವು ದಿನವೂ ಬಚ್ಚಲಿನಲ್ಲಿ ಕಾಣುತ್ತೇವೆ. ಎಣ್ಣೆ ಹಚ್ಚಿದ ತಲೆಯ ಜಿಡ್ಡು ಬರಿಯ ನೀರಿಗೆ ಹೋಗದು. ಸೀಗೆಪುಡಿಗೋ ಸಾಬೂನಿಗೋ ಹೋಗುತ್ತದೆ. ಸಾಬೂನಿನ ಅಣುವಿನ ಒಂದು ತುದಿಗೆ ನೀರು ಪ್ರಿಯ, ಮತ್ತೊಂದಕ್ಕೆ ಎಣ್ಣೆ ಪ್ರಿಯ. ಇಂತಹ ದ್ರವ್ಯಗಳಿಗೆ ಸರ್ಫ್ಯಾಕ್ಟೆಂಟ್‌ಗಳೆಂದು ಹೆಸರು. ನೀರಿನಲ್ಲಿ ಇವುಗಳ ಪ್ರಮಾಣವು ಒಂದು ಮಿತಿಯನ್ನು ಮೀರಿದಾಗ ಅಣುಗಳು ಒಟ್ಟುಗೂಡಿ, ಎಣ್ಣೆಪ್ರಿಯವಾದ ತುದಿಗಳನ್ನು ಒಳಮುಖವಾಗಿರಿಸಿ, ಸೂಕ್ಷ್ಮವಾದ ಗುಂಪುಗಳಾಗುತ್ತವೆ. ಇವೇ ಮೈಸೆಲ್‌ಗಳು. ಕರಗದ ಔಷಧಕ್ಕೆ ಇವುಗಳ ಒಳಗೆ ಆಶ್ರಯವುಂಟು. ನಮ್ಮ ಪಿತ್ತರಸದ ಲವಣಗಳು ಮಾಡತಕ್ಕ ಕೆಲಸವೂ ಇದೇ.

ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ನೋಡೋಣ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಇದಕ್ಕೆ ಅಮೆರಿಕದಲ್ಲಿ 1983ರಲ್ಲಿ ಅನುಮತಿ ದೊರೆಯಿತು. ರಕ್ತದಲ್ಲಿ ಇದರ ಪ್ರಮಾಣ ತಗ್ಗಿದರೆ ಕಸಿ ಕೆಡುವ ಭಯ; ಹೆಚ್ಚಿದರೆ ಮೂತ್ರಪಿಂಡಕ್ಕೇ ಹಾನಿ. ಮೊದಲು ಇದನ್ನು ಆಲಿವ್ ಎಣ್ಣೆಯಲ್ಲಿ ಬೆರೆಸಿ ಕುಡಿಸುತ್ತಿದ್ದರು. ಅದು ರಕ್ತಗತವಾಗಲು ಪಿತ್ತರಸದ ನೆರವು ಬಹಳವಾಗಿ ಬೇಕಿತ್ತು. ಯಕೃತ್ತಿನ ಕಸಿಯಾಗಿ, ಪಿತ್ತರಸವನ್ನು ನಳಿಕೆಯ ಮೂಲಕ ಹೊರಕ್ಕೆ ಹರಿಯಗೊಟ್ಟಿದ್ದ ರೋಗಿಗಳಲ್ಲಿ ಔಷಧವು ಸರಿಯಾಗಿ ಹೀರಲ್ಪಡುತ್ತಿರಲಿಲ್ಲ. 1995ರಲ್ಲಿ ಅಲ್ಲಿ ಅನುಮತಿ ಪಡೆದ ಹೊಸ ಪಾಕದಲ್ಲಿ ಹರಳೆಣ್ಣೆಯಿಂದ ತಯಾರಿಸಿದ ಸರ್ಫ್ಯಾಕ್ಟೆಂಟನ್ನು ಸೇರಿಸಲಾಯಿತು. ಇದು ಹೊಟ್ಟೆಯ ದ್ರವದಲ್ಲಿ ತಾನಾಗಿಯೇ ಅತಿ ಸಣ್ಣ ಹನಿಗಳಾಗಿ ಹರಡುವುದರಿಂದ ಪಿತ್ತರಸದ ಹಂಗು ಕಡಮೆಯಾಯಿತು.

ಹಾಗಾದರೆ ಸರ್ಫ್ಯಾಕ್ಟೆಂಟ್ ಹೆಚ್ಚಿದಷ್ಟೂ ಲಾಭವೇ? ಅಲ್ಲ. ಕರುಳಿನ ಗೋಡೆಯನ್ನು ದಾಟುವುದು ಬಿಡಿಯಾದ ಔಷಧದ ಅಣುವೇ ಹೊರತು ಮೈಸೆಲ್ ಅಲ್ಲ. ಮೈಸೆಲ್‌ಗಳು ಅತಿಯಾದರೆ ಔಷಧವು ಅವುಗಳಲ್ಲಿಯೇ ಸೆರೆಯಾಗಿ, ಕರಗಿಯೂ ರಕ್ತವನ್ನು ಮುಟ್ಟದೆ ಉಳಿಯಬಹುದು. ದೋಣಿಗಳು ಎಷ್ಟಿದ್ದರೇನು, ಪ್ರಯಾಣಿಕರು ದಡಕ್ಕೆ ಇಳಿಯದಿದ್ದರೆ? ಇದಲ್ಲದೆ, ಔಷಧವನ್ನು ಕರುಳಿಗೇ ಹಿಂದಕ್ಕೆ ತಳ್ಳುವ ಪಂಪುಗಳು ಗೋಡೆಯ ಜೀವಕೋಶಗಳಲ್ಲಿ ಉಂಟು; ಕೆಲವು ಸರ್ಫ್ಯಾಕ್ಟೆಂಟ್‌ಗಳು ಅವನ್ನು ತಡೆದು ಹೀರಿಕೆಯನ್ನು ಹೆಚ್ಚಿಸುತ್ತವೆ. ಇನ್ನು ಕೆಲವು ಗೋಡೆಯ ಪೊರೆಯನ್ನೇ ಸಡಿಲಿಸಿ ಕರುಳನ್ನು ಕೆರಳಿಸಬಲ್ಲವು.

ಆದಕಾರಣ ಔಷಧದ ಹೆಸರೂ ತೂಕವೂ ಒಂದೇ ಆಗಿದ್ದ ಮಾತ್ರಕ್ಕೆ ಗುಣವೂ ಒಂದೇ ಆಗಬೇಕೆಂಬ ನಿಯಮವಿಲ್ಲ. ಸೈಕ್ಲೋಸ್ಪೋರಿನ್ನಿನ ಹಳೆಯ ಮತ್ತು ಹೊಸ ಪಾಕಗಳನ್ನು ಒಂದಕ್ಕೆ ಬದಲಾಗಿ ಇನ್ನೊಂದನ್ನು ವೈದ್ಯರ ಅಪ್ಪಣೆಯೂ ರಕ್ತಪರೀಕ್ಷೆಯೂ ಇಲ್ಲದೆ ಸೇವಿಸಕೂಡದು. ಔಷಧದ ಜೊತೆಗೆ ಅದನ್ನು ಹೊತ್ತು ತರುವ ದ್ರವ್ಯವನ್ನೂ ನಾವು ಗಮನಿಸಬೇಕು.