ಡಯಲಿನ ಮೇಲೆ ಬರೆದ ಆಳ

1992ರ ನವೆಂಬರ್ 20. ಫ್ರಾನ್ಸಿನ ಮಾರ್ಸೇ ನಗರದಲ್ಲಿ ಕೊಮೆಕ್ಸ್ ಎಂಬ ಡೈವಿಂಗ್ ಕಂಪನಿಯ ಉಕ್ಕಿನ ಕೊಠಡಿಯೊಳಗೆ ಥಿಯೋ ಮಾವ್ರೊಸ್ಟೊಮೊಸ್ ಎಂಬ ಮುಳುಗುಗಾರ 701 ಮೀಟರ್ ಆಳದ ಒತ್ತಡವನ್ನು ಮೈಮೇಲೆ ತಾಳಿಕೊಂಡು ಕುಳಿತಿದ್ದರು. ಉಸಿರಾಡಲು ಹೈಡ್ರೋಜನ್, ಹೀಲಿಯಂ ಮತ್ತು ಆಮ್ಲಜನಕದ ಮಿಶ್ರಣ. ಸಮುದ್ರಕ್ಕಿಳಿಯದೆ, ಒಣ ಕೊಠಡಿಯಲ್ಲೇ ಒತ್ತಡ ಏರಿಸಿ ಮಾಡಿದ ಪ್ರಯೋಗ ಅದು. ಮನುಷ್ಯನ ಮೈ ಕಂಡ ಆಳದ ಗಡಿ ಇವತ್ತಿಗೂ ಅದೇ.

ಅದೇ ವರ್ಷ ಅಂಗಡಿಗಳಲ್ಲಿ ಸಿಗುತ್ತಿದ್ದ ರೋಲೆಕ್ಸ್ ಸೀ-ಡ್ವೆಲ್ಲರ್ ವಾಚಿನ ಡಯಲಿನ ಮೇಲೆ 1220 ಮೀಟರ್ ಎಂದು ಅಚ್ಚಾಗಿತ್ತು. ಯಾವ ಕೈಯೂ ಹೋಗಲಾರದ ಆಳ. ಹವ್ಯಾಸಿ ಸ್ಕೂಬಾ ಡೈವರ್‌ಗಳಿಗೆ ಇರುವ ಮಿತಿ 40 ಮೀಟರ್. ಹಾಗಾದರೆ ಆ ಅಂಕಿಗೆ ಏನು ಅರ್ಥ? ಕಾರ್ಖಾನೆಯಿಂದ ಹೊರಬಿದ್ದ ದಿನ ಈ ವಾಚು ಅಷ್ಟು ಬಿಗಿಯಾಗಿತ್ತು ಎಂದಷ್ಟೇ. ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಎರಡು ಮೂರು ಕೈ ದಾಟಿ ಬಂದ ವಾಚಿನಲ್ಲಿ ಆ ಮಾತು ಎಷ್ಟು ಉಳಿದಿದೆ ಎಂಬುದನ್ನು ಡಯಲ್ ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಆಳಸಮುದ್ರದ ವಾಚು ಕೊಳ್ಳುವವರು ಹುಡುಕಬೇಕಾದದ್ದು ಆ ಉತ್ತರವನ್ನು. ಹೊಳಪು, ಪೆಟ್ಟಿಗೆ, ಹೆಸರು ಎಲ್ಲವೂ ಆಮೇಲಿನ ಮಾತು.

ಆಳದ ಪೈಪೋಟಿಯಲ್ಲಿ ಈಗ ಅಂಕಿಗಳು ತುಂಬ ಮುಂದೆ ಹೋಗಿವೆ. 2008ರಲ್ಲಿ ಬಂದ ರೋಲೆಕ್ಸ್ ಡೀಪ್‌ಸೀ 3900 ಮೀಟರ್ ತಾಳುತ್ತದೆ. ಅದರ ಗಾಜು ಒಂದೇ 5.5 ಮಿಲಿಮೀಟರ್ ದಪ್ಪ, ಆ ಆಳದಲ್ಲಿ ಗಾಜಿನ ಮೇಲೆ ಬೀಳುವ ಭಾರ ಸುಮಾರು 3 ಟನ್. 2022ರ ಒಮೆಗಾ ಅಲ್ಟ್ರಾ ಡೀಪ್ 6000 ಮೀಟರಿನದು. ಅದೇ ವರ್ಷ ರೋಲೆಕ್ಸ್ ಟೈಟಾನಿಯಮ್‌ನಲ್ಲಿ ಮಾಡಿದ ಡೀಪ್‌ಸೀ ಚಾಲೆಂಜ್ 11,000 ಮೀಟರ್ ಎನ್ನುತ್ತದೆ, ಅಗಲ 50 ಮಿಲಿಮೀಟರ್. ಎಂಜಿನಿಯರಿಂಗ್ ದೃಷ್ಟಿಯಿಂದ ಇವಕ್ಕೆ ತಲೆಬಾಗಲೇಬೇಕು. ಆದರೆ ದಿನವೂ ಕೈಗೆ ಕಟ್ಟುವ ವಾಚು ಬೇಕೆಂದು ಕೇಳುವವರಿಗೆ ನಾನು ಹೇಳುವುದು ಹಳೆಯ ಸೀ-ಡ್ವೆಲ್ಲರ್ 16600. 1980ರ ದಶಕದ ಕೊನೆಯಿಂದ 2008ರವರೆಗೆ ತಯಾರಾದ ಮಾದರಿ. ಅಗಲ 40 ಮಿಲಿಮೀಟರ್, ಸಫೈರ್ ಗಾಜು, ತಾರೀಖಿನ ಮೇಲೆ ರೋಲೆಕ್ಸ್‌ನ ಗುರುತೇ ಆಗಿಹೋದ ಆ ಉಬ್ಬು ಭೂತಗಾಜು ಇಲ್ಲ. ಒಳಗಿರುವುದು 3135 ಎಂಬ ಯಂತ್ರ. ದಶಕಗಳ ಕಾಲ ರೋಲೆಕ್ಸ್‌ನ ಬೆನ್ನೆಲುಬಾಗಿದ್ದ ಯಂತ್ರವಾದ್ದರಿಂದ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಬೇಕಾದಷ್ಟಿವೆ. ಹಳೆಯ ವಾಚು ಕೊಳ್ಳುವವರಿಗೆ ಇದು ಸಣ್ಣ ಸಮಾಧಾನವಲ್ಲ.

ಸೀ-ಡ್ವೆಲ್ಲರ್ ಹುಟ್ಟಿದ್ದು 1967ರಲ್ಲಿ, ಸಮುದ್ರತಳದಲ್ಲಿ ಕೆಲಸ ಮಾಡುವ ಮುಳುಗುಗಾರರ ಒಂದು ವಿಚಿತ್ರ ತೊಂದರೆಯಿಂದ. ಈ ಕೆಲಸಗಾರರು ದಿನಕ್ಕೊಮ್ಮೆ ಇಳಿದು ಹತ್ತುವವರಲ್ಲ. ಹಡಗಿನ ಮೇಲಿನ ಒತ್ತಡದ ಕೊಠಡಿಯಲ್ಲೇ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವಾಸ. ಅಲ್ಲಿಂದ ಗಂಟೆಯಾಕಾರದ ತೊಟ್ಟಿಲಲ್ಲಿ ತಳಕ್ಕೆ, ಕೆಲಸ ಮುಗಿಸಿ ಮತ್ತೆ ಅದೇ ಒತ್ತಡದ ಕೊಠಡಿಗೆ. ಆಳದಲ್ಲಿ ಸಾರಜನಕ ಮತ್ತೇರಿಸುವುದರಿಂದ ಅವರು ಉಸಿರಾಡುವುದು ಹೀಲಿಯಂ ಬೆರೆತ ಆಮ್ಲಜನಕ. ಹೀಲಿಯಂ ಪರಮಾಣು ಎಷ್ಟು ಸಣ್ಣದೆಂದರೆ ನೀರನ್ನು ತಡೆಯುವ ರಬ್ಬರ್ ಅದನ್ನು ತಡೆಯಲಾರದು. ಕೊಠಡಿಯ ಗಾಳಿಯಿಂದ ಅದು ಮೆಲ್ಲಗೆ ವಾಚಿನೊಳಗೆ ಸೇರಿಕೊಳ್ಳುತ್ತದೆ. ಕೊನೆಗೆ ಕೊಠಡಿಯ ಒತ್ತಡ ಇಳಿಸುತ್ತ ಬಂದಾಗ ಒಳಗಿನ ಹೀಲಿಯಂ ಅದೇ ವೇಗದಲ್ಲಿ ಹೊರಬರಲಾಗದೆ ಗಾಜನ್ನೇ ಚಿಮ್ಮಿಸಿಬಿಡುತ್ತದೆ. ಸಮುದ್ರದ ತಳದಲ್ಲಿ ಜಗ್ಗದ ವಾಚು ಒಣ ಕೊಠಡಿಯಲ್ಲಿ ಮುರಿಯುತ್ತಿತ್ತು. ಅದಕ್ಕೆ ರೋಲೆಕ್ಸ್ ಕಂಡುಕೊಂಡ ದಾರಿ, ವಾಚಿನ ಎಡಬದಿಗೆ ಒಂದು ಸಣ್ಣ ಏಕಮುಖ ಕವಾಟ. ಒಳಗಿನ ಒತ್ತಡ ಹೆಚ್ಚಾದರೆ ತಾನಾಗಿ ತೆರೆದುಕೊಂಡು ಹೀಲಿಯಂ ಬಿಡುತ್ತದೆ. 1975ರಲ್ಲಿ ಜಪಾನಿನ ಸೀಕೊ ಇದಕ್ಕೆ ತದ್ವಿರುದ್ಧ ದಾರಿ ಹಿಡಿದು, ಹೀಲಿಯಂ ಒಳಗೇ ಬರದಂಥ ಗ್ಯಾಸ್ಕೆಟ್ ಮಾಡಿ 600 ಮೀಟರಿನ ಟೈಟಾನಿಯಮ್ ವಾಚು ತಂದಿತು. ಯಂತ್ರಶಾಸ್ತ್ರದ ಶುದ್ಧಿಯಲ್ಲಿ ನನ್ನ ಮತ ಸೀಕೊಗೆ. ಕವಾಟ ಎಂದರೆ ಕೇಸಿಗೆ ಕೊರೆದ ಇನ್ನೊಂದು ತೂತು. ಅದಕ್ಕೂ ಒಂದು ಗ್ಯಾಸ್ಕೆಟ್ ಬೇಕು, ಆ ಗ್ಯಾಸ್ಕೆಟ್‌ಗೂ ವಯಸ್ಸಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಹಳ ಮಂದಿ ಮರೆಯುವುದು ಇದನ್ನೇ. ಕಳೆದ ಸರ್ವಿಸ್‌ನಲ್ಲಿ ಕವಾಟ ಬದಲಾಯಿಸಿದ್ದಾರೆಯೇ ಎಂದು ಕೇಳಿ ನೋಡಿ, ಮಾರುವವರ ತಿಳಿವಳಿಕೆ ಎಷ್ಟೆಂಬುದು ಅಲ್ಲೇ ಗೊತ್ತಾಗುತ್ತದೆ.

ಅಡುಗೆಮನೆಯ ಕುಕ್ಕರ್‌ನ ರಬ್ಬರ್ ಎರಡು ವರ್ಷದಲ್ಲಿ ಪೆಡಸಾಗಿ, ಆವಿ ಬಿಡಲು ಶುರುಮಾಡುವುದನ್ನು ಎಲ್ಲರೂ ಬಲ್ಲೆವು. ವಾಚಿನ ಗ್ಯಾಸ್ಕೆಟ್‌ಗಳದ್ದೂ ಅದೇ ಪಾಡು, ನಿಧಾನವಾಗಿ ಮಾತ್ರ. ಬೆವರು, ಸಾಬೂನು, ಬಿಸಿಲು, ಸೆಂಟು ಎಲ್ಲವೂ ಅವನ್ನು ಒಣಗಿಸುತ್ತವೆ. ಲಾಕರಿನಲ್ಲಿ ಮುಟ್ಟದೆ ಇಟ್ಟ ವಾಚಿನ ಗ್ಯಾಸ್ಕೆಟ್ ಕೂಡ ಮುದಿಯಾಗುತ್ತದೆ. ಆದ್ದರಿಂದ ‘ಒಮ್ಮೆಯೂ ನೀರಿಗಿಳಿಸಿಲ್ಲ, ಹಾಗೇ ಇಟ್ಟಿದ್ದೆ’ ಎಂಬ ಮಾತು ಬೆಲೆ ಏರಿಸಲು ಕಾರಣವಾಗಬಾರದು. ಹದಿನೈದು ವರ್ಷ ಬಿಚ್ಚದ ವಾಚಿಗಿಂತ, ನಾಲ್ಕಾರು ಗೀರುಗಳಿದ್ದು ಸರ್ವಿಸ್‌ನ ಬಿಲ್ಲುಗಳಿರುವ ವಾಚು ನನಗೆ ಹೆಚ್ಚು ಇಷ್ಟ.

ಕೇಸಿನ ಸ್ಥಿತಿಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಮೋಸಹೋಗುವುದು ಇಲ್ಲಿಯೇ. ಗ್ಯಾಸ್ಕೆಟ್ ಹೊಸದು ಹಾಕಬಹುದು. ಅದು ಕೂರುವ ಉಕ್ಕಿನ ಅಂಚು ಸವೆದಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಕೈಚೆಲ್ಲುತ್ತದೆ. 16600ರ ಉಕ್ಕು 904ಎಲ್, ತುಕ್ಕಿಗೆ ಸುಲಭಕ್ಕೆ ಬಗ್ಗದ ಜಾತಿ. ಆದರೂ ಉಪ್ಪುನೀರು, ಬೆವರು ಹಿಂಬದಿಯ ಮುಚ್ಚಳದ ತಿರುಪಿನ ಸಂದಿಯಲ್ಲಿ ವರ್ಷಾನುಗಟ್ಟಲೆ ನಿಂತರೆ ಅಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಹೊರಗಿನಿಂದ ಏನೂ ಕಾಣದು. ಹಿಂಬದಿ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ತೆಗೆದು, ಭೂತಗಾಜಿನಲ್ಲಿ ನೋಡಿದಾಗಲೇ ತಿಳಿಯುವುದು. ಬಿಚ್ಚಲು ಒಪ್ಪದ ಮಾರಾಟಗಾರರಿಂದ ಆಳಸಮುದ್ರದ ವಾಚು ಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ಪಾಲಿಶ್ ಇನ್ನೊಂದು ಶತ್ರು. ಮಾರುವ ಮುನ್ನ ಯಂತ್ರಕ್ಕೆ ಹಿಡಿದು ಹೊಳೆಯಿಸಿದ ವಾಚು ಗಾಜಿನ ಶೋಕೇಸಿನಲ್ಲಿ ಕಣ್ಣು ಕುಕ್ಕುತ್ತದೆ. ಹೊಳಪು ಬಂದಷ್ಟೂ ಉಕ್ಕು ಹೋಗಿರುತ್ತದೆ. ಬೆಲ್ಟ್ ಹಿಡಿಯುವ ನಾಲ್ಕು ಕೊಂಬುಗಳನ್ನು ಮೇಲಿನಿಂದ ನೋಡಿ: ನಾಲ್ಕೂ ಒಂದೇ ದಪ್ಪ ಇರಬೇಕು, ಅಂಚು ಚೂಪಾಗಿರಬೇಕು. ಹಳೆಯ ಮಾದರಿಗಳಲ್ಲಿ ಈ ಕೊಂಬುಗಳಿಗೆ ಆರಪಾರ ರಂಧ್ರವಿರುತ್ತದೆ. ಪಾಲಿಶ್ ಹೆಚ್ಚಾದ ವಾಚಿನಲ್ಲಿ ಆ ರಂಧ್ರ ಅಂಚಿಗೆ ತೀರ ಹತ್ತಿರ ಬಂದಿರುತ್ತದೆ, ಅದರ ಬಾಯಿ ಕರಗಿದಂತೆ ಅಗಲವಾಗಿರುತ್ತದೆ. ಗೀರುಗಳನ್ನು ಹಾಗೇ ಬಿಟ್ಟ ವಾಚಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಸುಮ್ಮನೆ ಅಲ್ಲ.

ಕೀ ಕೊಡುವ ಗುಬ್ಬಿಯನ್ನು ಬಿಚ್ಚಿ, ಮತ್ತೆ ತಿರುಗಿಸಿ ಬಿಗಿಮಾಡಿ. ಅದರ ಮೇಲಿನ ರೋಲೆಕ್ಸ್ ಕಿರೀಟದ ಗುರುತಿನ ಕೆಳಗೆ ಮೂರು ಚುಕ್ಕಿ ಇರಬೇಕು. ಅದು ಟ್ರಿಪ್‌ಲಾಕ್ ಎಂಬ ಬಿಗಿ ವ್ಯವಸ್ಥೆಯ ಗುರುತು. ತಿರುಪು ಸಲೀಸಾಗಿ ಹಿಡಿಯಬೇಕು, ಜಾರಬಾರದು. ಜಾರಿದರೆ ಗುಬ್ಬಿ ಮತ್ತು ಅದರ ಕೊಳವೆ ಎರಡನ್ನೂ ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ಗಾಜಿನ ಸುತ್ತಲಿನ ಉಂಗುರ, ಅಂದರೆ ಬೆಜೆಲ್, ಒಂದೇ ದಿಕ್ಕಿಗೆ, ಒಂದು ಸುತ್ತಿಗೆ 120 ಸಲ ಟಿಕ್ಕೆನ್ನುತ್ತ ತಿರುಗಬೇಕು.

ಡಯಲಿನ ವಯಸ್ಸು ತಿಳಿಯಲು ಬೆಳಕೇ ಸಾಕ್ಷಿ. ಸುಮಾರು 1998ರವರೆಗಿನ 16600ಗಳಲ್ಲಿ ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಬಳಸುತ್ತಿದ್ದರು; ಡಯಲಿನ ತಳದಲ್ಲಿ ‘ಸ್ವಿಸ್’ ಪದದ ಜೊತೆ ‘ಟಿ’ ಅಕ್ಷರ ಇರುವುದು ಅದಕ್ಕೇ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಆ ಕಾಲದ ವಾಚುಗಳಲ್ಲಿ ಈಗ ಹೊಳಪು ಹೆಚ್ಚುಕಡಿಮೆ ಸತ್ತಿದೆ, ಚುಕ್ಕಿಗಳು ಕೆನೆಬಣ್ಣಕ್ಕೆ ತಿರುಗಿವೆ. ‘ಟಿ’ ಇರುವ ಡಯಲ್ ರಾತ್ರಿ ಹಸಿರಾಗಿ ಬೆಳಗಿದರೆ ಯಾರೋ ಹೊಸ ಬಣ್ಣ ಹಚ್ಚಿದ್ದಾರೆ ಎಂದೇ ಅರ್ಥ. ಡಯಲ್ ಕೆನೆಬಣ್ಣವಾಗಿದ್ದು ಮುಳ್ಳುಗಳು ಬಿಳಿಯಾಗಿದ್ದರೆ ಮುಳ್ಳು ಬದಲಾಗಿದೆ. ಇದು ಅಪರಾಧವಲ್ಲ. ಕಂಪನಿಯ ಸರ್ವಿಸ್ ಕೇಂದ್ರಗಳೇ ಹಳೆಯ ಡಯಲ್ ತೆಗೆದು ಹೊಸದು ಹಾಕಿ ಕೊಟ್ಟ ಉದಾಹರಣೆಗಳು ಎಷ್ಟೋ ಇವೆ. ನೀರಿಗಿಳಿಯಲು ಕೊಳ್ಳುವವರಿಗೆ ಹೊಸ ಡಯಲ್ ಒಳ್ಳೆಯದೇ. ಸಂಗ್ರಹಕ್ಕೆ ಕೊಳ್ಳುವವರಿಗೆ ನಷ್ಟ. ಮಾರುವವರು ಅದನ್ನು ಮುಚ್ಚಿಟ್ಟರೆ ಮಾತ್ರ ತಪ್ಪು.

ನಕಲಿಗಳ ವಿಷಯಕ್ಕೆ ಬಂದರೆ, ಹಿಂದಿನಂತೆ ಕಾಗುಣಿತ ತಪ್ಪಿದ ಡಯಲ್ ನೋಡಿ ಹಿಡಿಯುವ ಕಾಲ ಹೋಯಿತು. 3135 ಯಂತ್ರವನ್ನೇ ಅನುಕರಿಸಿದ ನಕಲಿಗಳಿವೆ. ಹಿಂಬದಿಯ ಅಂಚಿನ ‘ಒರಿಜಿನಲ್ ಗ್ಯಾಸ್ ಎಸ್ಕೇಪ್ ವಾಲ್ವ್’ ಎಂಬ ಬರಹವನ್ನೂ ಚೆನ್ನಾಗಿಯೇ ಕೊರೆದಿರುತ್ತಾರೆ. ಆದ್ದರಿಂದ ಚಿತ್ರ ನೋಡಿ ತೀರ್ಮಾನಿಸದೆ, ರೋಲೆಕ್ಸ್ ಬಿಚ್ಚಿ ಅಭ್ಯಾಸವಿರುವ ವಾಚ್ ರಿಪೇರಿಯವರ ಕಣ್ಣಿಗೇ ಒಪ್ಪಿಸಬೇಕು. ಡಯಲಿನ ಮೇಲೆ ಕೊಮೆಕ್ಸ್ ಹೆಸರಿರುವ ವಾಚು ಸಿಕ್ಕಿತೆಂದರೆ ಇನ್ನೂ ಎಚ್ಚರ. ಆ ಕಂಪನಿಯ ಡೈವರ್‌ಗಳಿಗೆಂದೇ ರೋಲೆಕ್ಸ್ ಮಾಡಿಕೊಟ್ಟ ವಾಚುಗಳು ಬಲು ಅಪರೂಪ, ಬೆಲೆಯೂ ಹಲವು ಪಟ್ಟು. ಅಸಲಿ ಸೀ-ಡ್ವೆಲ್ಲರ್‌ಗೆ ನಕಲಿ ಕೊಮೆಕ್ಸ್ ಡಯಲ್ ಕೂರಿಸುವವರಿಗೆ ಇದಕ್ಕಿಂತ ಆಮಿಷ ಬೇಕೆ?

ಕಾಗದಪತ್ರದ ಬಗ್ಗೆ ಒಂದಿಷ್ಟು. ಆ ಕಾಲದ ಖಾತರಿ ಪತ್ರ ಕಾಗದದ್ದು, ಸರಣಿ ಸಂಖ್ಯೆಯನ್ನು ಸಣ್ಣ ರಂಧ್ರಗಳಿಂದ ಮೂಡಿಸಿದ್ದು. ಪಟ್ಟಿ ತೆಗೆದರೆ ಕೊಂಬುಗಳ ನಡುವೆ ಕೇಸಿನ ಮೇಲೆ ಅದೇ ಸಂಖ್ಯೆ ಕಾಣಬೇಕು. ಕೊನೆಯ ವರ್ಷಗಳ ವಾಚುಗಳಲ್ಲಿ ಗಾಜಿನೊಳಗಿನ ಉಂಗುರದ ಮೇಲೂ. ಪೆಟ್ಟಿಗೆಗಳು ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತವೆ, ಅವುಗಳಿಂದ ಏನೂ ಸಾಬೀತಾಗುವುದಿಲ್ಲ. ಕಳುವಾದ ವಾಚುಗಳ ಸರಣಿ ಸಂಖ್ಯೆಗಳನ್ನು ದಾಖಲಿಸಿಡುವ ಲಂಡನ್ನಿನ ದಿ ವಾಚ್ ರಿಜಿಸ್ಟರ್‌ನಲ್ಲಿ ಹಣ ಕೊಟ್ಟು ಪರಿಶೀಲಿಸಬಹುದು; ಲಕ್ಷಗಟ್ಟಲೆ ಕೊಡುವವರು ಆ ಸಣ್ಣ ಶುಲ್ಕಕ್ಕೆ ಹಿಂಜರಿಯಬಾರದು. ನಮ್ಮಲ್ಲಿ ಕೊಳ್ಳುವಾಗ ಬಿಲ್ಲು ಬೇಕೇ ಬೇಕು. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ. 10 ಲಕ್ಷ ದಾಟಿದ ಕೈಗಡಿಯಾರಗಳ ಮೇಲೆ 2025ರ ಏಪ್ರಿಲ್‌ನಿಂದ ಮಾರಾಟಗಾರರು ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕು. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ದುಬೈ, ಸಿಂಗಪುರದಿಂದ ಕೈಗೆ ಕಟ್ಟಿಕೊಂಡು ಬಂದು ಸುಂಕ ಕಟ್ಟದ ವಾಚು ಅಗ್ಗ ಎನಿಸಬಹುದು. ಸುಂಕದ ತಕರಾರು ಮುಂದೆ ವಾಚಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ.

2022ರ ಡಿಸೆಂಬರ್‌ನಲ್ಲಿ ರೋಲೆಕ್ಸ್ ತಾನೇ ಹಳೆಯ ವಾಚುಗಳನ್ನು ಪರೀಕ್ಷಿಸಿ, ಎರಡು ವರ್ಷದ ಖಾತರಿಯೊಂದಿಗೆ ತನ್ನ ಅಧಿಕೃತ ಮಳಿಗೆಗಳ ಮೂಲಕ ಮಾರುವ ಯೋಜನೆ ಶುರುಮಾಡಿತು. ಅಲ್ಲಿ ಬೆಲೆ ಹೆಚ್ಚು, ನೆಮ್ಮದಿಯೂ ಹೆಚ್ಚು. ಅದೇ ವರ್ಷದ ಆರಂಭದಲ್ಲಿ ಹಳೆಯ ವಾಚುಗಳ ಮಾರುಕಟ್ಟೆ ಏರಿದ ಎತ್ತರದಿಂದ ಆಮೇಲೆ ಇಳಿದದ್ದನ್ನು ನೆನಪಿಟ್ಟರೆ, ‘ಇದು ಹೂಡಿಕೆ, ಬೆಲೆ ಏರುತ್ತಲೇ ಇರುತ್ತದೆ’ ಎನ್ನುವವರ ಮಾತಿಗೆ ಎಷ್ಟು ಕಿವಿಗೊಡಬೇಕೆಂಬುದು ತಿಳಿಯುತ್ತದೆ. ಇಷ್ಟಪಟ್ಟು ಕಟ್ಟಲು ಕೊಳ್ಳಿ.

ಕೊಂಡ ಮೇಲೆ ಮೊದಲ ಕೆಲಸ ಒತ್ತಡದ ಪರೀಕ್ಷೆ. ಡೈವಿಂಗ್ ವಾಚುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6425ರ ಪ್ರಕಾರ ಬರೆದ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡಕ್ಕೆ ವಾಚನ್ನು ಒಡ್ಡಬೇಕು. ಪರೀಕ್ಷೆಯ ಕೊನೆಯ ಹಂತ ತುಂಬ ಸರಳ, ಸುಂದರ: ವಾಚನ್ನು 40ರಿಂದ 45 ಡಿಗ್ರಿಗೆ ಬಿಸಿಮಾಡಿ, ಗಾಜಿನ ಮೇಲೆ ತಣ್ಣೀರ ಹನಿ ಇಟ್ಟು, ಒಂದು ನಿಮಿಷದ ಮೇಲೆ ಒರೆಸಿ ನೋಡುತ್ತಾರೆ. ಒಳಗೆ ತೇವವಿದ್ದರೆ ಗಾಜಿನ ಒಳಮೈ ಮಂಜುಗಟ್ಟುತ್ತದೆ. ನಮ್ಮೂರಿನ ಅಂಗಡಿಗಳಲ್ಲಿ 1220 ಮೀಟರಿನ ಒತ್ತಡ ಕೊಡುವ ಯಂತ್ರ ಸಿಗುವುದು ಕಷ್ಟ. 10 ಬಾರ್, ಅಂದರೆ 100 ಮೀಟರಿನ ಒತ್ತಡದ ಯಂತ್ರ ಸಿಕ್ಕರೂ ಸಾಕು. ಆಳಕ್ಕೆ ಹೋದಂತೆ ನೀರೇ ಗ್ಯಾಸ್ಕೆಟ್ಟನ್ನು ಒತ್ತಿ ಬಿಗಿಮಾಡುತ್ತದೆ, ಮುದಿ ಗ್ಯಾಸ್ಕೆಟ್ ಸೋರುವುದು ಎಷ್ಟೋ ಸಲ ಈಜುಕೊಳದಷ್ಟು ಆಳದಲ್ಲೇ.

ಪಾಸಾದ ವಾಚನ್ನು ನೀರಿಗಿಳಿಸಲು ಹೆದರಬೇಡಿ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಹವಳದ ನಡುವೆ ಇಳಿಯುವವರಿಗೆ ಅದು ಬೇಕಾದಷ್ಟು ಗಟ್ಟಿ. ಇಳಿಯುವ ಮೊದಲು ಗುಬ್ಬಿ ಬಿಗಿಯಾಗಿದೆಯೇ ಎಂದು ಬೆರಳಿನಿಂದಲೇ ನೋಡಿಕೊಳ್ಳಿ, ನೀರೊಳಗೆ ಅದನ್ನು ಮುಟ್ಟಬೇಡಿ. ಮೇಲೆ ಬಂದ ಮೇಲೆ ಸಿಹಿನೀರಿನಲ್ಲಿ ಬೆಜೆಲ್ ತಿರುಗಿಸುತ್ತ ತೊಳೆಯಿರಿ, ಸಂದಿಯ ಉಪ್ಪು ಕರಗಿ ಹೋಗಲಿ. ಬಿಸಿನೀರ ಸ್ನಾನಕ್ಕೂ ಹಬೆಯ ಕೋಣೆಗೂ ಅದನ್ನು ಕಟ್ಟಿಕೊಂಡು ಹೋಗಬೇಡಿ. ಸಮುದ್ರಕ್ಕಿಂತ ಅವೇ ರಬ್ಬರ್‌ಗೆ ಹೆಚ್ಚು ಕೆಟ್ಟವು. ಡೈವ್ ಮಾಡುವವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಅದರ ಚೀಟಿಯನ್ನು ಬಿಲ್ಲುಗಳ ಜೊತೆ ಜೋಪಾನ ಮಾಡಿ. ನಾಳೆ ನೀವೇ ಮಾರುವಾಗ, ತಿಳಿದು ಕೊಳ್ಳುವವರು ಮೊದಲು ಕೇಳುವುದು ಆ ಚೀಟಿಗಳನ್ನೇ.