ರೀಲು ತಿನ್ನುವ ಉಪ್ಪು

ಗಾಳದ ರೀಲಿನ ಡಬ್ಬಿಯ ಮೇಲೆ ಮೂರು ಸಂಖ್ಯೆಗಳು ದಪ್ಪಕ್ಷರದಲ್ಲಿ ಇರುತ್ತವೆ: ಬೇರಿಂಗ್ ಎಷ್ಟು, ಡ್ರ್ಯಾಗ್ ಎಷ್ಟು ಕಿಲೋ, ಗಿಯರ್ ಅನುಪಾತ ಎಷ್ಟು. ‘13+1 ಬೇರಿಂಗ್, 15 ಕಿಲೋ ಡ್ರ್ಯಾಗ್’ ಎಂದು ಓದಿದವರಿಗೆ ಪಕ್ಕದಲ್ಲಿರುವ ಐದು ಬೇರಿಂಗಿನ ರೀಲು ಬಡಪಾಯಿಯಂತೆ ಕಾಣುತ್ತದೆ. ಕೆರೆ ದಂಡೆಯಲ್ಲಿ ಗಾಳ ಹಾಕುವವರು ಹೀಗೆ ಲೆಕ್ಕ ಹಾಕಿ ಕೊಂಡರೂ ದೊಡ್ಡ ನಷ್ಟವೇನಿಲ್ಲ. ಕಾಪುವಿನ ಬಂಡೆಯ ಮೇಲೋ ಬೆಂಗ್ರೆಯ ಅಳಿವೆ ಬಾಗಿಲಲ್ಲೋ ಕಾರವಾರದ ಕಡಲತಡಿಯಲ್ಲೋ ನಿಲ್ಲುವವರು ಮಾತ್ರ ಡಬ್ಬಿಯ ಮೇಲೆ ಅಚ್ಚಾಗದ ಸಂಗತಿಯೊಂದನ್ನು ವಿಚಾರಿಸಬೇಕು. ಉಪ್ಪುನೀರು ಈ ಯಂತ್ರದೊಳಗೆ ಎಲ್ಲಿಂದ ನುಗ್ಗುತ್ತದೆ, ನುಗ್ಗಿ ಏನು ಮಾಡುತ್ತದೆ?

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನೀರು ಆರಿತು, ಲವಣ ಉಳಿಯಿತು, ಒಣಗಿದ ಮೇಲೆ ಅದರಿಂದೇನು ಎಂದು ಅನ್ನಿಸಬಹುದು. ಕರಾವಳಿಯಲ್ಲಿ ಅದು ಒಣಗುವುದೇ ಇಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡ 75 ದಾಟಿತೆಂದರೆ ಅಡುಗೆ ಉಪ್ಪಿನ ಹರಳು ಗಾಳಿಯ ತೇವವನ್ನೇ ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದು ಇದರಿಂದಲೇ. ಕಡಲ ಲವಣದಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಆಸೆಬುರುಕ. ಅದಕ್ಕೆ ಶೇಕಡ 33ರಷ್ಟು ತೇವಾಂಶ ಸಿಕ್ಕರೂ ಸಾಕು. ಹಾಗಾಗಿ ಭಾನುವಾರ ಸಂಜೆ ಮನೆಗೆ ತಂದು ಕಪಾಟಿನಲ್ಲಿಟ್ಟ ರೀಲಿನೊಳಗೆ ಉಪ್ಪುನೀರಿನ ತೆಳು ಪೊರೆಯೊಂದು ಮುಂದಿನ ಭಾನುವಾರದವರೆಗೂ ಜೀವಂತವಾಗಿರುತ್ತದೆ. ರೀಲು ಹಾಳಾಗುವುದು ಕಡಲಲ್ಲಿ ಕಳೆದ ಮೂರು ಗಂಟೆಗಳಿಗಿಂತ ಹೆಚ್ಚಾಗಿ ಕಪಾಟಿನಲ್ಲಿ ಕಳೆಯುವ ಆ ವಾರದಲ್ಲಿ.

ಆ ಪೊರೆ ಮಾಡುವ ಕೆಲಸ ಬ್ಯಾಟರಿಯದು. ರೀಲಿನ ಒಡಲು ಅಲ್ಯೂಮಿನಿಯಂ, ದಂಡ ಸ್ಟೇನ್‌ಲೆಸ್ ಸ್ಟೀಲು, ಚಿಕ್ಕ ಗಿಯರು ಹಿತ್ತಾಳೆ. ಬೇರೆ ಬೇರೆ ಲೋಹಗಳು ಒಂದನ್ನೊಂದು ತಾಗಿಕೊಂಡಿದ್ದು ನಡುವೆ ಉಪ್ಪುನೀರು ಇದ್ದರೆ ವಿದ್ಯುತ್ತು ಹರಿಯುತ್ತದೆ, ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಕರಗುತ್ತದೆ. ಈ ಮೂರರಲ್ಲಿ ಬಲಿಯಾಗುವುದು ಅಲ್ಯೂಮಿನಿಯಂ. ಅದರ ಮೈಮೇಲಿನ ಆಕ್ಸೈಡ್ ಪದರ ಗಾಳಿಯಲ್ಲಿ ಒಳ್ಳೆಯ ಕವಚವೇ ಹೌದು, ಆದರೆ ಕ್ಲೋರೈಡ್ ಅಯಾನುಗಳು ಅದನ್ನು ಅಲ್ಲಲ್ಲಿ ತೂತು ಮಾಡಿಬಿಡುತ್ತವೆ. ಹಳೆಯ ರೀಲಿನ ಬಣ್ಣ ಉಬ್ಬಿ, ಅಡಿಯಿಂದ ಬಿಳಿ ಪುಡಿ ಉದುರುವುದನ್ನು ಕಂಡಿದ್ದರೆ ಅದು ಅಲ್ಯೂಮಿನಿಯಂನ ತುಕ್ಕು. ಸ್ಟೀಲಿನ ಸ್ಕ್ರೂ ಬಿಚ್ಚಲು ಹೋದರೆ ತಲೆ ಸವೆಯುತ್ತದೆಯೇ ಹೊರತು ಸ್ಕ್ರೂ ಅಲ್ಲಾಡುವುದಿಲ್ಲ. ಪುಡಿ ಎಳೆಗಳ ನಡುವೆ ಬೆಳೆದು ಬೆಸುಗೆ ಹಾಕಿದಂತೆ ಹಿಡಿದಿರುತ್ತದೆ.

ಒಡಲು ಪ್ಲಾಸ್ಟಿಕ್ಕಿನದಾದರೆ ಈ ತಾಪತ್ರಯ ಕಡಿಮೆ. ಇಂಗಾಲದ ನಾರು ಬೆರೆಸಿದ ನೈಲಾನ್ ಒಡಲು ಕಡಲಿಗೆ ಜಗ್ಗುವುದಿಲ್ಲ, ಮೀನಿಗೆ ಮಾತ್ರ ಜಗ್ಗುತ್ತದೆ: ಎಳೆತ ಬಿದ್ದಾಗ ಕೂದಲೆಳೆಯಷ್ಟು ಬಾಗಿ ಗಿಯರ್ ಹಲ್ಲುಗಳ ಹೊಂದಿಕೆ ತಪ್ಪಿಸುತ್ತದೆ. ಮರಳ ದಂಡೆಯಲ್ಲಿ ಕಾಣೆ ಹಿಡಿಯುವವರಿಗೆ ಅದು ಧಾರಾಳ ಸಾಕು. ಬಂಡೆಸಂದಿಯಿಂದ ಕೆಂಬೇರಿಯನ್ನು ಎಳೆದು ತೆಗೆಯಬೇಕೆನ್ನುವವರಿಗೆ ಲೋಹದ ಒಡಲೇ ಸರಿ.

ಇನ್ನು ನೀರು ನುಗ್ಗುವ ದಾರಿ. ಅದನ್ನು ತಿಳಿಯಲು ಈ ಯಂತ್ರ ಎಲ್ಲಿಂದ ಬಂತು ಎಂದು ನೋಡಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಎಂಬಾತ 1905ರಲ್ಲಿ ಒಂದು ಪೇಟೆಂಟ್ ಪಡೆದ. ಗಿರಣಿಯಲ್ಲಿ ನೂಲಿನ ಉಂಡೆ ತಿರುಗದೆ ನಿಂತಿರುತ್ತದೆ, ನೂಲು ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಕಳಚಿ ಬರುತ್ತದೆ. ಅದೇ ಉಪಾಯ ಗಾಳಕ್ಕೆ ಬಂತು. ಅಲ್ಲಿಯವರೆಗಿನ ಹೆಚ್ಚಿನ ರೀಲುಗಳಲ್ಲಿ ಗಾಳ ಬೀಸಿದಾಗ ಇಡೀ ಸ್ಪೂಲು ತಿರುಗಬೇಕಿತ್ತು, ಹಗುರ ಗಾಳಕ್ಕೆ ಅದನ್ನು ತಿರುಗಿಸುವ ಶಕ್ತಿ ಇರುತ್ತಿರಲಿಲ್ಲ. ಇಲ್ಲಿ ಸ್ಪೂಲು ನಿಂತೇ ಇರುತ್ತದೆ, ದಾರ ಅಂಚಿನಿಂದ ಹಾರಿ ಹೋಗುತ್ತದೆ. ಆದರೆ ವಾಪಸು ಸುತ್ತುವಾಗ ಪ್ರತಿಯೊಂದು ಅಂಗುಲ ದಾರವೂ ಬೇಲ್ ಎಂಬ ತಂತಿಯ ಬುಡದಲ್ಲಿರುವ ಪುಟ್ಟ ರೋಲರನ್ನು ಹಾದು ತೊಂಬತ್ತು ಡಿಗ್ರಿ ತಿರುಗಿಯೇ ಸ್ಪೂಲಿಗೆ ಬರಬೇಕು.

ನೂರು ಮೀಟರ್ ದೂರ ಬೀಸಿದರೆ ನೂರು ಮೀಟರ್ ಒದ್ದೆ ದಾರ ಆ ರೋಲರಿನ ಮೇಲೆ ಹಾಯುತ್ತದೆ, ಮತ್ತೆ ಬೀಸಿದರೆ ಮತ್ತೆ ನೂರು. ಇಡೀ ರೀಲಿನಲ್ಲಿ ಇಷ್ಟು ಉಪ್ಪುನೀರು ಕುಡಿಯುವ ಜಾಗ ಇನ್ನೊಂದಿಲ್ಲ. ಒಳಗಿರುವ ಕಡಲೆ ಗಾತ್ರದ ಬೇರಿಂಗ್ ಮೊದಲು ಕಿರುಗುಟ್ಟುತ್ತದೆ, ಆಮೇಲೆ ಸೆಟೆದು ನಿಲ್ಲುತ್ತದೆ. ನಿಂತ ರೋಲರಿನ ಮೇಲೆ ಉಜ್ಜಿಕೊಂಡು ಬರುವ ದಾರ ತಿರುಚಿಕೊಳ್ಳುತ್ತದೆ, ಸವೆಯುತ್ತದೆ, ಒಳ್ಳೆಯ ಮೀನು ಸಿಕ್ಕ ದಿನವೇ ತುಂಡಾಗುತ್ತದೆ. ಅಂಗಡಿಯಲ್ಲಿ ರೀಲು ಕೈಗೆ ತೆಗೆದುಕೊಂಡವರು ಹಿಡಿಕೆ ತಿರುಗಿಸಿ ‘ಬೆಣ್ಣೆ ಹಾಗಿದೆ’ ಎನ್ನುತ್ತಾರೆ. ತಿರುಗಿಸಿ ನೋಡಬೇಕಾದ್ದು ರೋಲರು. ಅದನ್ನು ಒಂದು ಸ್ಕ್ರೂ ಬಿಚ್ಚಿ ಮನೆಯಲ್ಲೇ ತೆಗೆಯಬಹುದೇ ಎಂದೂ ಕೇಳಿ.

ಬೇರಿಂಗುಗಳ ಸಂಖ್ಯೆಯ ಹಿಂದೆ ಓಡುವುದು ಯಾಕೆ ವ್ಯರ್ಥ ಎಂಬುದಕ್ಕೆ ಲೋಹವಿಜ್ಞಾನದಲ್ಲಿ ಉತ್ತರವಿದೆ. ಸ್ಟೀಲು ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂ. ಬೇರಿಂಗಿನ ಗುಂಡುಗಳು ಗಟ್ಟಿಯಾಗಿರಬೇಕಾದ್ದರಿಂದ ಅವುಗಳ ಸ್ಟೀಲಿಗೆ ಇಂಗಾಲ ಹೆಚ್ಚು ಬೆರೆಸುತ್ತಾರೆ. ಆ ಇಂಗಾಲ ಕ್ರೋಮಿಯಂನ ಒಂದು ಪಾಲನ್ನು ಕಾರ್ಬೈಡಾಗಿ ಕಟ್ಟಿಹಾಕುತ್ತದೆ, ಕಾವಲಿಗೆ ಉಳಿಯುವುದು ಕಡಿಮೆ. ಅಡುಗೆಮನೆಯ ಸ್ಟೀಲ್ ಲೋಟಕ್ಕಿಂತ ‘ಸ್ಟೇನ್‌ಲೆಸ್’ ಬೇರಿಂಗಿಗೆ ಬೇಗ ತುಕ್ಕು ಬರುವುದು ಹೀಗೆ. ಹಾಗಾಗಿ ಕಾವಲಿಲ್ಲದ ಹದಿಮೂರು ಬೇರಿಂಗ್ ಎಂದರೆ ತುಕ್ಕಿಗೆ ಹದಿಮೂರು ಬಾಗಿಲು. ಒಳ್ಳೆಯ ಸೀಲ್ ಹಾಕಿದ ಐದೇ ಮೇಲು.

ಸೀಲ್ ಎಂದರೆ ಸಾಮಾನ್ಯವಾಗಿ ರಬ್ಬರಿನ ಬಳೆ. ತಿರುಗುವ ದಂಡವನ್ನು ಅದು ಒತ್ತಿ ಹಿಡಿಯುವುದರಿಂದ ಹಿಡಿಕೆ ಸ್ವಲ್ಪ ಬಿಗಿ ಅನ್ನಿಸುತ್ತದೆ. ಅಂಗಡಿಯಲ್ಲಿ ‘ಬೆಣ್ಣೆ’ ಅನ್ನಿಸದ ರೀಲು ಕಡಲಿಗೆ ಒಳ್ಳೆಯದಾಗಿರುವ ಸಂಭವವೇ ಹೆಚ್ಚು. ಜಪಾನಿನ ಡೈವಾ ಕಂಪನಿ ಬೇರೆ ದಾರಿ ಹಿಡಿದಿದೆ. 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್, ತೂಕರಹಿತ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆದು ತರಲೆಂದು ಕಾಂತೀಯ ದ್ರವವೊಂದನ್ನು ತಯಾರಿಸಿದ್ದರು. ಅದೇ ಬಗೆಯ ಎಣ್ಣೆಯನ್ನು ಅಯಸ್ಕಾಂತದ ಬಳೆಯೊಂದು ದಂಡದ ಸುತ್ತ ಗೋಡೆಯಂತೆ ಹಿಡಿದು ನಿಲ್ಲಿಸುತ್ತದೆ. ಉಜ್ಜಾಟವಿಲ್ಲ, ನೀರಿಗೂ ದಾರಿಯಿಲ್ಲ. ಜಾಣತನದ ಕೆಲಸ, ಅನುಮಾನವಿಲ್ಲ. ಆದರೆ ಮನೆಯಲ್ಲಿ ಬಿಚ್ಚಿದರೆ ಆ ಎಣ್ಣೆ ಹೋಯಿತು. ಹತ್ತಿರದಲ್ಲಿ ಸರ್ವಿಸ್ ಇಲ್ಲದ ಊರಿನವರಿಗೆ ನಾನು ರಬ್ಬರ್ ಬಳೆಯನ್ನೇ ಹೇಳುತ್ತೇನೆ. ಕೆಲವು ರೀಲುಗಳ ಮೇಲೆ ‘ಐಪಿಎಕ್ಸ್5’ ಎಂದಿರುತ್ತದೆ. ನೀರಿನ ಧಾರೆ ಬಡಿದರೂ ತಡೆಯುತ್ತದೆ ಎಂದಷ್ಟೇ ಅದರ ಅರ್ಥ, ಮುಳುಗಿಸಬಹುದು ಎಂದಲ್ಲ.

ಡ್ರ್ಯಾಗಿನ ವಿಷಯಕ್ಕೆ ಬರೋಣ. ಮೀನು ಎಳೆದಾಗ ದಾರ ತುಂಡಾಗುವ ಮೊದಲು ಸ್ಪೂಲು ಜಾರಬೇಕು, ಹಾಗೆ ಜಾರಿಸುವ ಬಿಲ್ಲೆಗಳ ಕಟ್ಟೇ ಡ್ರ್ಯಾಗ್. ದಾರದ ಬಲದ ಮೂರನೇ ಒಂದರಷ್ಟಕ್ಕೆ ಅಥವಾ ಅದಕ್ಕೂ ಕಡಿಮೆಗೆ ಅದನ್ನು ಬಿಗಿ ಮಾಡುವುದು ವಾಡಿಕೆ. ಒಂಬತ್ತು ಕಿಲೋ ತಡೆಯುವ ದಾರವಾದರೆ ಮೂರು ಕಿಲೋ. ಡಬ್ಬಿಯ ಮೇಲಿನ 15 ಕಿಲೋ ಯಾರಿಗೆ ಬೇಕು? ಪಾಚಿ ಹಿಡಿದ ಬಂಡೆಯ ಮೇಲೆ ನಿಂತವರನ್ನು ಅಷ್ಟು ಬಲದಿಂದ ಎಳೆದರೆ ನೀರಿಗೆ ಬೀಳುವುದು ಅವರೇ. ಕೇಳಬೇಕಾದ ಪ್ರಶ್ನೆ, ಆ ಮೂರು ಕಿಲೋ ಕೊನೆಯವರೆಗೂ ಮೂರೇ ಆಗಿ ಉಳಿಯುತ್ತದೆಯೇ ಎಂಬುದು.

ಉಳಿಯದಿರಲು ಕಾರಣಗಳಿವೆ. ನಿಂತ ವಸ್ತುವನ್ನು ಜಾರಿಸಲು ಬೇಕಾದ ಬಲ ಜಾರುತ್ತಿರುವುದನ್ನು ಜಾರಿಸಲು ಬೇಕಾದ್ದಕ್ಕಿಂತ ಹೆಚ್ಚು, ಹಾಗಾಗಿ ಕಳಪೆ ಡ್ರ್ಯಾಗ್ ಮೊದಲು ಅಂಟಿಕೊಂಡು ಆಮೇಲೆ ತಟ್ಟನೆ ಬಿಡುತ್ತದೆ. ದಾರ ತುಂಡಾಗುವುದು ಆ ಅಂಟಿದ ಕ್ಷಣದಲ್ಲಿ. ಎರಡನೆಯದು ಸ್ಪೂಲಿನ ತ್ರಿಜ್ಯ. ಬಿಲ್ಲೆಗಳ ತಡೆ ಒಂದೇ ಇದ್ದರೂ ದಾರ ಖಾಲಿಯಾದಂತೆ ಅದು ಹೊರಡುವ ತ್ರಿಜ್ಯ ಚಿಕ್ಕದಾಗುತ್ತದೆ: 25 ಮಿಲಿಮೀಟರ್ ಇದ್ದದ್ದು 20ಕ್ಕೆ ಇಳಿದರೆ ಮೂರು ಕಿಲೋ ತಾನಾಗಿಯೇ ಮೂರೂಮುಕ್ಕಾಲು ಆಗುತ್ತದೆ. ಮೀನು ದೂರ ಓಡಿದಾಗ ಡ್ರ್ಯಾಗ್ ಬಿಗಿ ಮಾಡುವುದು ಎಲ್ಲರ ಕೈಚಪಲ, ಮಾಡಬೇಕಾದ್ದು ಅದರ ಉಲ್ಟಾ. ಮೂರನೆಯದು ಬಿಸಿ. ಅಂಜಲ್ ಒಂದು ಕಚ್ಚಿಕೊಂಡು ನೂರು ಮೀಟರ್ ಓಡಿತೆನ್ನಿ. ಮೂರು ಕಿಲೋ ಎಂದರೆ ಸುಮಾರು 30 ನ್ಯೂಟನ್, ನೂರು ಮೀಟರಿಗೆ 3000 ಜೂಲ್. ನೂರು ಗ್ರಾಂ ಅಲ್ಯೂಮಿನಿಯಂ ಅನ್ನು ಮೂವತ್ತಕ್ಕೂ ಹೆಚ್ಚು ಡಿಗ್ರಿ ಕಾಯಿಸಲು ಅಷ್ಟು ಸಾಕು, ಅದೂ ಕೆಲವೇ ಸೆಕೆಂಡುಗಳಲ್ಲಿ. ಈ ಬಿಸಿಗೆ ಕಾರ್ಬನ್ ನಾರಿನ ಬಿಲ್ಲೆಗಳು ಅಷ್ಟಾಗಿ ಬದಲಾಗುವುದಿಲ್ಲ. ಅವಕ್ಕೂ ಉಪ್ಪುನೀರು ಸೋಕದಂತೆ ಡ್ರ್ಯಾಗಿನ ಮುಚ್ಚಳದಡಿ ಸೀಲ್ ಇರಬೇಕು.

ಗಿಯರ್ ಅನುಪಾತಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಐದರಿಂದ ಆರರ ನಡುವೆ ಇದ್ದರೆ ದಂಡೆಯ ಎಲ್ಲ ಕೆಲಸಕ್ಕೂ ಆದೀತು. ಅದಕ್ಕಿಂತ ಹೆಚ್ಚಾದರೆ ದಾರ ಬೇಗ ಬರುತ್ತದೆ, ಕೈಯ ಬಲ ಅಷ್ಟೇ ಸೋಲುತ್ತದೆ. 4000, 5000 ಎಂಬ ಗಾತ್ರದ ಅಂಕಿಗಳಿಗೂ ಸಾಮಾನ್ಯ ಅಳತೆಗೋಲಿಲ್ಲ, ಒಂದು ಕಂಪನಿಯ 4000 ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ತೂಕ ಎಷ್ಟು, ಯಾವ ದಪ್ಪದ ದಾರ ಎಷ್ಟು ಮೀಟರ್ ಹಿಡಿಯುತ್ತದೆ ಎಂದು ಕೇಳಿ. ಪಿಇ (ಪಾಲಿಎಥಿಲೀನ್) ಹೆಣೆದ ದಾರ ಸುತ್ತುವುದಾದರೆ ಅಡಿಯಲ್ಲಿ ನಾಲ್ಕು ಸುತ್ತು ನೈಲಾನ್ ತಂಗೂಸಿ ಹಾಕಿ, ಇಲ್ಲದಿದ್ದರೆ ನುಣುಪಾದ ದಾರದ ಇಡೀ ಸುರುಳಿ ಸ್ಪೂಲಿನ ಮೇಲೆ ಜಾರುತ್ತದೆ.

ಕೊಂಡ ಮೇಲಿನ ಕೆಲಸ ಐದು ನಿಮಿಷದ್ದು. ಅದೇ ದಿನ, ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಪೈಪಿನ ಜೋರು ಧಾರೆ ಉಪ್ಪನ್ನು ಸೀಲು ದಾಟಿಸಿ ಒಳಕ್ಕೆ ತಳ್ಳುತ್ತದೆ, ಬಕೆಟಿನಲ್ಲಿ ಅದ್ದಿಡುವುದೂ ಬೇಡ. ಬಿಸಿನೀರಿನಿಂದ ಲಾಭವಿಲ್ಲ: ಉಪ್ಪು ತಣ್ಣೀರಿನಲ್ಲಿ ಕರಗುವಷ್ಟೇ ಹೆಚ್ಚುಕಡಿಮೆ ಬಿಸಿನೀರಿನಲ್ಲೂ ಕರಗುತ್ತದೆ, ಗ್ರೀಸು ಮಾತ್ರ ಹೋಗುತ್ತದೆ. ನೆರಳಿನಲ್ಲಿ ಆರಿಸಿ, ಡ್ರ್ಯಾಗ್ ಸಡಿಲಿಸಿ, ರೋಲರಿಗೆ ಒಂದು ಹನಿ ರೀಲ್ ಎಣ್ಣೆ ಬಿಡಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಾಕಬೇಡಿ, ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ.

ಕೈಯಲ್ಲಿರುವ ದುಡ್ಡು ಒಂದು ರೀಲಿಗಷ್ಟೇ ಆಗುವುದಾದರೆ ರೋಲರಿಗೂ ಡ್ರ್ಯಾಗಿಗೂ ಸೀಲ್ ಇರುವ, ಮಧ್ಯಮ ಗಾತ್ರದ, ಬಿಡಿಭಾಗ ಸಿಗುವ ರೀಲನ್ನೇ ಕೊಳ್ಳಿ. ರೋಲರಿನ ಬೇರಿಂಗ್ ಒಂದನ್ನು ಬಿಡಿಯಾಗಿ ತರಿಸಿ ಕೊಡುತ್ತೀರಾ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ. ಇಲ್ಲ ಎಂದರೆ ಆ ರೀಲು ಎಷ್ಟೇ ಅಗ್ಗವಾಗಿದ್ದರೂ ಬೇಡ.